ಪುಸ್ತಕದ ಮುಂದಿನ ಅರ್ಧ

ಮೊಮ್ಮಗಳು ಅಯನೊ ಹೆರಿಗೆಗೆಂದು ತವರಿಗೆ ಬಂದ ದಿನ ನಾವು ಮೂಲಂಗಿ ಉಪ್ಪಿಗೆ ಹಾಕುತ್ತಿದ್ದೆವು. ನಾವು ಎಂದೆ, ಹಾಕುತ್ತಿದ್ದವಳು ನನ್ನ ಸೊಸೆ ಕಿಯೊಮಿ. ನಾನು ಮೋಟು ಮಣೆಯ ಮೇಲೆ ಕುಳಿತು ಬಾಯಲ್ಲಿ ಕೆಲಸ ಮಾಡುತ್ತಿದ್ದೆ.

"ಇನ್ನೊಂದು ಹಿಡಿ ಹಾಕು."

"ಹಾಕಿದೀನಿ ಅತ್ತೆ."

"ಹಾಕಿದ್ರೆ ಕಾಣ್ಬೇಕಲ್ಲ. ಹಿಮ ಬಿದ್ದಂಗೆ ಕಾಣ್ಬೇಕು."

ಅವಳು ಇನ್ನೊಂದು ಹಿಡಿ ಉಪ್ಪನ್ನೂ ತೌಡನ್ನೂ ಎರಚಿದಳು. ಪೀಪಾಯಿಯ ಮೇಲೆ ಹಲಗೆ ಮುಚ್ಚಿ, ಹಲಗೆಯ ಮೇಲೆ ಕಲ್ಲು ಹೇರಿದಳು. ಎರಡನೆಯ ಕಲ್ಲು ಎತ್ತುವಾಗ ಗೋಡೆ ಹಿಡಿದು ನಿಂತುಬಿಟ್ಟಳು.

"ಏನಾಯ್ತೇ?"

"ಏನಿಲ್ಲ. ವಯಸ್ಸಿನ ಬಿಸಿ."

ಕಿಯೊಮಿಗೆ ಐವತ್ತನಾಲ್ಕು. ನಾಲ್ಕೈದು ವರ್ಷದಿಂದ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಅದೇ ಹೆಸರು. ತಲೆನೋವು ಬಂದರೆ ವಯಸ್ಸಿನ ಬಿಸಿ, ಸಂಜೆಗೆ ಕಾಲು ಊದಿದರೆ ವಯಸ್ಸಿನ ಬಿಸಿ, ಸೇಬಿನ ತೋಟದ ಏರು ಹತ್ತುವಾಗ ಮೂರು ಕಡೆ ಕುಳಿತರೆ ಅದೂ ವಯಸ್ಸಿನ ಬಿಸಿ. ಬೀದಿಯ ಕೊನೆಯ ಮುದಿ ಡಾಕ್ಟರು ಹೇಳಿದ್ದು ಅದು. ಮುಟ್ಟು ನಿಲ್ಲುವ ಕಾಲ, ತಾನಾಗಿ ಹೋಗುತ್ತದೆ ಎಂದಿದ್ದರು. ಅವರು ಒಂದು ಸಲ ಹೇಳಿದ್ದನ್ನು ನಾನು ನೂರು ಸಲ ಹೇಳಿದೆ.

ನನ್ನ ಮಗ ಮಸಾತೊ ಸ್ಟೇಷನ್ನಿಗೆ ಹೋಗಿ ಮಗಳನ್ನು ಸೇಬು ಸಾಗಿಸುವ ಪುಟ್ಟ ಲಾರಿಯಲ್ಲೇ ಕರೆತಂದ. ಎಂಟು ತಿಂಗಳ ಬಸುರಿ, ಲಾರಿಯಿಂದ ಇಳಿಯುವುದಕ್ಕೆ ಎರಡು ಸಲ ಉಸಿರೆಳೆದುಕೊಂಡಳು. ಕಿಯೊಮಿ ಉಪ್ಪಿನ ಕೈಯಲ್ಲೇ ಅಂಗಳಕ್ಕೆ ಓಡಿದಳು.

"ಮುಖ ಯಾಕೇ ಹಿಂಗೆ ಊದಿದೆ?"

"ಅಮ್ಮಾ, ಮೊದ್ಲು ಬಾ ಅನ್ನು. ಆಮೇಲೆ ಮುಖ ನೋಡುವಂತೆ."

ನಮ್ಮ ತ್ಸುಗಾರು ಕಡೆ ಮೊದಲ ಹೆರಿಗೆಗೆ ಮಗಳು ತಾಯಿಯ ಹತ್ತಿರ ಬರಬೇಕು. ಹೆರಿಗೆಗೆ ಮುಂಚೆ ಒಂದೂವರೆ ತಿಂಗಳು, ಆದಮೇಲೆ ಒಂದು ತಿಂಗಳು. ತಾಯಾದವಳು ನಿಂತು ಮಾಡಬೇಕು. ಕಿಯೊಮಿ ಹದಿನೈದು ದಿನದಿಂದ ಮುಂದಿನ ಕೋಣೆ ಸಿದ್ಧ ಮಾಡಿದ್ದಳು. ಹಾಸಿಗೆ ಬಿಸಿಲಿಗೆ ಹಾಕಿ ತೆಗೆದಿದ್ದಳು, ರಜಾಯಿಗೆ ಹೊಸ ಬಟ್ಟೆ ಹೊಲಿದಿದ್ದಳು, ಸೀಮೆಎಣ್ಣೆ ಒಲೆ ತಿಕ್ಕಿಟ್ಟಿದ್ದಳು. ಇಷ್ಟೂ ಕೊಯ್ಲಿನ ನಡುವೆ.

ಊಟಕ್ಕೆ ಉಪ್ಪುಮೀನು, ಸಾಸಿವೆ ಸೊಪ್ಪಿನ ಉಪ್ಪಿನಕಾಯಿ, ಉಪ್ಪಲ್ಲಿ ಹುದುಗಿಸಿದ ಸೋಯಾ ಮುದ್ದೆಯ ಮಿಸೋ ಸಾರು. ಅಯನೊ ಒಂದು ಗುಟುಕು ಸಾರು ಕುಡಿದು ಬಟ್ಟಲು ಕೆಳಗಿಟ್ಟಳು.

"ಡಾಕ್ಟ್ರು ಉಪ್ಪು ಕಮ್ಮಿ ಮಾಡು ಅಂದಿದಾರೆ. ಬಿಪಿ ಏರ್ತಾ ಇದೆಯಂತೆ."

"ನಿಮ್ಮ ಸೆಂಡಾಯಿ ಪೇಟೆ ಡಾಕ್ಟ್ರಿಗೆ ನಮ್ಮ ಚಳಿ ಏನು ಗೊತ್ತು?" ಎಂದೆ. "ಉಪ್ಪು ತಿನ್ನದೆ ಈ ಊರಲ್ಲಿ ಮೈ ನಿಲ್ಲುತ್ತಾ?"

ಮಸಾತೊ ಉಪ್ಪಿನಕಾಯಿಯ ಮೇಲೆ ಸೋಯಾ ಸಾಸ್ ಸುರಿದುಕೊಳ್ಳುತ್ತಿದ್ದ. ಉಪ್ಪಿನ ಮೇಲೆ ಉಪ್ಪು. "ನಿಮ್ಮಜ್ಜಿಗೆ ಎಂಬತ್ತೊಂದು. ಇದೇ ಉಪ್ಪು ತಿಂದು ಗುಂಡುಕಲ್ಲಿನಂಗೆ ಇದಾಳೆ."

"ತಾತ?" ಎಂದಳು ಅಯನೊ.

ಮಸಾತೊ ಬಟ್ಟಲಿಗೆ ಬಗ್ಗಿದ.

"ತಾತ ಐವತ್ತೆಂಟಕ್ಕೆ ಸ್ನಾನದ ಮನೇಲಿ ಬಿದ್ದು ಹೋದ್ರಲ್ಲಪ್ಪ. ಅವರೂ ಇದೇ ಉಪ್ಪೇ ತಿಂದಿದ್ದು."

"ಉಣ್ಣೋ ಹೊತ್ತಲ್ಲಿ ಸತ್ತೋರ ಮಾತು ಬೇಕಾ?" ಎಂದು ಮಸಾತೊ ಬಾಟಲಿಯನ್ನು ದೂರ ತಳ್ಳಿದ. ಎರಡು ತುತ್ತು ಆದಮೇಲೆ ಮತ್ತೆ ಎಳೆದುಕೊಂಡ.

ಮರುದಿನದಿಂದ ಕಿಯೊಮಿ ಎರಡು ಪಾತ್ರೆ ಇಟ್ಟಳು. ಮಗಳಿಗೆ ತೆಳ್ಳನೆ ಸಾರು ಒಂದರಲ್ಲಿ, ನನಗೂ ಮಸಾತೊಗೂ ಗಟ್ಟಿ ಸಾರು ಇನ್ನೊಂದರಲ್ಲಿ. ಬೆಳಿಗ್ಗೆ ಐದಕ್ಕೆ ಎದ್ದು ಎರಡು ಪಾತ್ರೆ, ಎರಡು ಬಗೆ ಮೀನು. ಏಳಕ್ಕೆ ತೋಟಕ್ಕೆ ಹೋದರೆ ಫೂಜಿ ಸೇಬಿನ ಕೊನೆಯ ಕೊಯ್ಲು, ಏಣಿ ಹತ್ತು, ಬುಟ್ಟಿ ಇಳಿಸು. ಹನ್ನೊಂದೂವರೆಗೆ ಓಡಿ ಬಂದು ಮಧ್ಯಾಹ್ನದ ಅಡುಗೆ. ಮತ್ತೆ ತೋಟ. ಸಂಜೆ ಬಟ್ಟೆ, ಸ್ನಾನದ ನೀರು, ಮತ್ತೆ ಎರಡು ಪಾತ್ರೆ. ತಾನು ಮಾತ್ರ ಗಟ್ಟಿ ಸಾರಿನ ತಳದಲ್ಲಿ ಉಳಿದದ್ದನ್ನು ಅನ್ನಕ್ಕೆ ಸುರಿದುಕೊಂಡು ಒಲೆಯ ಮುಂದೆ ನಿಂತೇ ತಿನ್ನುತ್ತಿದ್ದಳು.

"ಅಮ್ಮಾ, ಕೂತ್ಕೊಂಡು ತಿನ್ನೇ."

"ಕೂತ್ರೆ ಏಳಕ್ಕಾಗಲ್ಲ ಕಣೆ."

ಅವಳು ನಗುತ್ತಾ ಹೇಳಿದ್ದಳು. ನಾವೂ ನಕ್ಕೆವು. ಅದು ನಗುವ ಮಾತಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಅಯನೊಗೆ ಆಸ್ಪತ್ರೆಯವರು ಮನೆಯಲ್ಲಿ ಬಿಪಿ ನೋಡಿಕೊಳ್ಳುವ ಯಂತ್ರ ಕೊಟ್ಟಿದ್ದರು. ಬೆಳಿಗ್ಗೆ ಸಂಜೆ ತೋಳಿಗೆ ಪಟ್ಟಿ ಕಟ್ಟಿ ನೋಡಿ ಚೀಟಿಯಲ್ಲಿ ಬರೆದಿಡಬೇಕು. ಒಂದು ಭಾನುವಾರ ಮಳೆ ಹಿಡಿದು ತೋಟಕ್ಕೆ ಹೋಗಲಾಗಲಿಲ್ಲ. ನಾಲ್ವರೂ ಅಡಿಯಲ್ಲಿ ಕಾವಿರುವ ಮೋಟು ಮೇಜಿಗೆ ಹೊದಿಸಿದ ರಜಾಯಿಯೊಳಗೆ ಕಾಲು ತೂರಿಸಿ ಕುಳಿತಿದ್ದೆವು. ಮಸಾತೊಗೆ ಆಟ ಹೊಳೆಯಿತು.

"ನಂಗೂ ಕಟ್ಟು. ಯಾರದ್ದು ಕಮ್ಮಿ ನೋಡೋಣ."

ಅವನದು ನೂರೈವತ್ತೆರಡು. ನನ್ನದು ನೂರನಲವತ್ತು.

"ನೋಡಿದ್ಯಾ, ಮುದುಕಿ ಗೆದ್ದಳು!" ಎಂದ ಮಸಾತೊ. "ಕಿಯೊಮಿ, ಬಾ, ನಿಂದು."

"ನಂಗೆ ಬೇಡ. ಕೆಲಸ ಇದೆ."

"ಒಂದು ನಿಮಿಷ ಅಮ್ಮಾ. ಕೈ ಕೊಡು."

ಪಟ್ಟಿ ಉಬ್ಬಿತು, ಇಳಿಯಿತು. ಗಾಜಿನಲ್ಲಿ ನೂರತೊಂಬತ್ತೊಂದು ಮತ್ತು ನೂರಹದಿನಾಲ್ಕು ಎಂದು ಬಂತು.

ಅಯನೊ ಇನ್ನೊಂದು ತೋಳಿಗೆ ಕಟ್ಟಿದಳು. ನೂರೆಂಬತ್ತೆಂಟು. ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ಕಟ್ಟಿದಳು. ನೂರೆಂಬತ್ತೊಂಬತ್ತು.

"ಯಂತ್ರ ಕೆಟ್ಟಿದೆ," ಎಂದ ಮಸಾತೊ.

"ನಿಂಗೆ ನೂರೈವತ್ತು ಬಂದಾಗ ಕೆಟ್ಟಿರ್ಲಿಲ್ವಾ?"

"ಅಲ್ಲ ಕಣೆ, ನಿಮ್ಮಮ್ಮ ಬೆಳಿಗ್ಗೆಯಿಂದ ಓಡಾಡ್ತಾ ಇದಾಳೆ. ಓಡಾಡಿದ್ರೆ ಏರುತ್ತೆ."

"ಬೆಳಿಗ್ಗೆಯಿಂದ ಯಾಕೆ ಓಡಾಡ್ತಾ ಇದಾಳೆ? ನೀವಿಬ್ರೂ ಕೂತಿದೀರಲ್ಲ!"

"ಅಯನೊ!" ಎಂದೆ. "ಅಪ್ಪನ ಹತ್ರ ಹಂಗೆ ಮಾತಾಡ್ತಾರಾ?"

"ಮತ್ತೆ ಹೆಂಗೆ ಮಾತಾಡ್ಲಿ ಅಜ್ಜಿ? ಹಾಡಿನಲ್ಲಿ ಹೇಳ್ಲಾ? ಅಮ್ಮಾ, ಊರಿನ ಆರೋಗ್ಯ ತಪಾಸಣೆಗೆ ಪ್ರತಿ ವರ್ಷ ಬಸ್ಸು ಬರುತ್ತಲ್ಲ, ಕೊನೇ ಸಲ ಯಾವಾಗ ಹೋಗಿದ್ದೆ?"

ಕಿಯೊಮಿ ತೋಳಿನ ಪಟ್ಟಿ ಬಿಚ್ಚುತ್ತಾ ಯೋಚಿಸಿದಳು. ಮೊದಲೊಂದು ವರ್ಷ ಕೊಯ್ಲು ಇತ್ತು. ಆಮೇಲೆ ನನ್ನ ಸೊಂಟ ಮುರಿದು ಎರಡು ವರ್ಷ ನನ್ನನ್ನು ಎತ್ತಿ ಕೂರಿಸುವುದಿತ್ತು. ಆಮೇಲೆ ಅಯನೊ ಮದುವೆ.

"ಆರು ವರ್ಷ ಆಗಿರ್ಬೇಕು," ಎಂದಳು. "ಕೊಯ್ಲು ಮುಗೀಲಿ, ತೋರಿಸ್ತೀನಿ." ಎದ್ದು ಅಡುಗೆಮನೆಗೆ ಹೋದಳು. ಎರಡು ಪಾತ್ರೆಯ ಸದ್ದು ಕೇಳಿಸಿತು.

ಅಯನೊ ಕೊಯ್ಲು ಮುಗಿಯಲು ಬಿಡಲಿಲ್ಲ. ಬುಧವಾರ ಅವಳನ್ನು ಪೇಟೆಯ ಆಸ್ಪತ್ರೆಯಲ್ಲಿ ನೋಡುವ ದಿನವಿತ್ತು. "ಒಬ್ಬಳೇ ಹೋಗಲ್ಲ, ಅಮ್ಮ ಬರಬೇಕು" ಎಂದು ಹಟ ಹಿಡಿದಳು. ಬಸುರಿಯ ಹಟ, ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಸೊಂಟಕ್ಕೆ ತೋರಿಸಬೇಕೆಂದು ನಾನೂ ಹೊರಟೆ.

ಅಲ್ಲಿ ಹೆಂಗಸು ಡಾಕ್ಟರು, ಅಯನೊಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಅಯನೊ ಬಿಪಿ ನೂರನಲವತ್ತಾರು. ಮೂತ್ರದಲ್ಲಿ ಸ್ವಲ್ಪ ಪ್ರೋಟೀನ್ ಕಂಡಿದೆ ಎಂದಳು. ಬರೆಯುತ್ತಾ ಕೇಳಿದಳು, "ನಿಮ್ಮ ತಾಯಿಗೆ ಬಸುರಿನಲ್ಲಿ ಬಿಪಿ ಇತ್ತಾ?"

"ಇಲ್ಲ ಡಾಕ್ಟ್ರೇ, ಅಂಥಾದ್ದೇನೂ ಇರ್ಲಿಲ್ಲ," ಎಂದಳು ಕಿಯೊಮಿ. "ಬಸುರಿನ ನಂಜು ಆಗಿತ್ತು, ಅಷ್ಟೇ. ಇವಳು ಹುಟ್ಟಿದ್ಮೇಲೆ ಹೋಯ್ತು."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದಳು.

"ಬಸುರಿನ ನಂಜು ಅಂದ್ರೆ ಬಿಪಿನೇ ಅಮ್ಮಾ. ಆಗ ಹಂಗೆ ಕರೀತಿದ್ರು. ಫಿಟ್ಸ್ ಬಂದಿತ್ತಾ?"

"ಒಂದ್ಸಲ. ಹೊಟ್ಟೆ ಕೊಯ್ದು ತೆಗೆದ್ರು."

"ಆಮೇಲೆ ಪ್ರತಿ ವರ್ಷ ಬಿಪಿ, ಸಕ್ಕರೆ, ಮೂತ್ರ ಪರೀಕ್ಷೆ ಮಾಡಿಸ್ತಾ ಬಂದಿದೀರಾ?"

"ಯಾಕೆ? ಹೋಯ್ತಲ್ಲ."

"ಹೋಗಿರಲ್ಲಮ್ಮ. ಮಗು ಹುಟ್ಟಿದ್ಮೇಲೆ ಬಿಪಿ ಇಳಿಯುತ್ತೆ, ಎಲ್ಲರೂ ಉಸ್ಸಪ್ಪಾ ಅಂತಾರೆ. ಹಿಂಗಾದ ಹೆಂಗಸ್ರಿಗೆ ಮುಂದೆ ಹೃದಯ, ಮೂತ್ರಪಿಂಡ, ಸಕ್ಕರೆ, ಎಲ್ಲಾ ತೊಂದರೆನೂ ಬೇರೆಯವರಿಗಿಂತ ಜಾಸ್ತಿ. ಅದಕ್ಕೇ ಜೀವನಪೂರ್ತಿ ನೋಡ್ತಾ ಇರ್ಬೇಕು. ನಿಮಗೆ ಯಾರೂ ಹೇಳ್ಲಿಲ್ವಾ?"

"ಯಾರೂ ಹೇಳ್ಲಿಲ್ಲ."

ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದೆ. ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡಿದೆ.

"ಇವರ ತಾಯಿಮಗು ಪುಸ್ತಕ ಇದೆಯಾ? ಆಗಿನದು?"

"ಅತ್ತೆ ಬಟ್ಟೇಲಿ ಸುತ್ತಿ ಇವಳಿಗೇ ಕೊಟ್ರು, ಮದುವೇಲಿ."

ನಮ್ಮಲ್ಲಿ ಹಾಗೆಯೇ. ಬಸುರಾದ ಕೂಡಲೇ ಊರ ಕಚೇರಿಯಲ್ಲಿ ಒಂದು ಪುಸ್ತಕ ಕೊಡುತ್ತಾರೆ. ಮುಂದಿನ ಅರ್ಧದಲ್ಲಿ ತಾಯಿಯ ತೂಕ, ಬಿಪಿ, ಹೆರಿಗೆ. ಹಿಂದಿನ ಅರ್ಧದಲ್ಲಿ ಮಗುವಿನ ಚುಚ್ಚುಮದ್ದು, ಹಲ್ಲು, ನಡಿಗೆ. ಮಗಳು ಮದುವೆಯಾಗಿ ಹೋಗುವಾಗ ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕೊಡುತ್ತಾರೆ. ತಾಯಿಯ ಮೈಯ ಲೆಕ್ಕವೂ ಅದರ ಜೊತೆಗೇ ಮನೆ ಬಿಟ್ಟು ಹೋಗುತ್ತದೆ. ಇದು ಯಾರಿಗೂ ವಿಚಿತ್ರ ಅನ್ನಿಸಿಲ್ಲ.

"ನನ್ನ ಚುಚ್ಚುಮದ್ದು ನೋಡ್ಬೇಕು ಅಂತ ತಂದಿದೀನಿ, ಬ್ಯಾಗಲ್ಲಿದೆ," ಎಂದಳು ಅಯನೊ. ತೆಗೆದು ಮೇಜಿನ ಮೇಲಿಟ್ಟಳು. ಮೊಲದ ಚಿತ್ರದ ರಟ್ಟು, ಮಾಸಿ ಹಳದಿಯಾಗಿದೆ. ಡಾಕ್ಟರು ತೆರೆದಳು. ಪುಸ್ತಕ ತಾನಾಗಿ ಚುಚ್ಚುಮದ್ದಿನ ಪುಟಕ್ಕೆ ತೆರೆದುಕೊಂಡಿತು. ಮುಂದಕ್ಕೆ ತಿರುಗಿಸಿದರೆ ಪುಟಗಳು ಬರಲಿಲ್ಲ.

"ಇದೇನು, ಹೊಲಿದಿದೆ?"

ಅಯನೊ ಬಾಗಿ ನೋಡಿದಳು. "ಹಳೇ ಪುಸ್ತಕ ಇರೋದೇ ಹಂಗೆ ಅಂದ್ಕೊಂಡಿದ್ದೆ."

ಕಿಯೊಮಿಯೂ ಬಾಗಿದಳು. ದಪ್ಪ ಬಿಳಿ ದಾರ, ರಜಾಯಿ ಹೊಲಿಯುವ ದಾರ. ಒಂದೇ ಅಳತೆಯ ಸಣ್ಣ ಹೊಲಿಗೆ, ಮೂರೂ ಅಂಚಿಗೆ. ಆ ಹೊಲಿಗೆಯನ್ನು ಅವಳು ಮೂವತ್ತು ವರ್ಷದಿಂದ ನಮ್ಮ ಮನೆಯ ಪ್ರತಿಯೊಂದು ರಜಾಯಿಯ ಮೇಲೆ ನೋಡಿದ್ದಾಳೆ.

ಅವಳು ತಿರುಗಿ ನನ್ನನ್ನು ನೋಡಿದಳು. ಡಾಕ್ಟರು ಕತ್ತರಿ ಎತ್ತಿಕೊಂಡಾಗ, "ಬೇಡಿ, ಮನೇಲಿ ಬಿಚ್ಚಿಸ್ತೀನಿ," ಎಂದಳು.

ಆದರೆ ಡಾಕ್ಟರು ಕಿಯೊಮಿಯನ್ನು ಹಾಗೇ ಮನೆಗೆ ಬಿಡಲಿಲ್ಲ. ಕೆಳಗಿನ ಮಹಡಿಯ ಹೃದಯದ ಡಾಕ್ಟರ ಹತ್ತಿರ ಕಳಿಸಿ ರಕ್ತ, ಇಸಿಜಿ, ಹೃದಯದ ಸ್ಕ್ಯಾನ್ ಎಲ್ಲ ಮಾಡಿಸಿದಳು. ಎರಡು ಬಗೆಯ ಮಾತ್ರೆಯನ್ನು ಅವತ್ತೇ ಶುರು ಮಾಡಿದರು.

ಮನೆಗೆ ಬಂದಾಗ ನಾಲ್ಕು ಗಂಟೆ. ಕಿಯೊಮಿ ಕೋಟು ಬಿಚ್ಚಲಿಲ್ಲ, ಅಡುಗೆಮನೆಗೂ ಹೋಗಲಿಲ್ಲ. ಮೇಜಿನ ಮುಂದೆ ಕೂತು ಪುಸ್ತಕವನ್ನೂ ಕತ್ತರಿಯನ್ನೂ ನನ್ನ ಮುಂದೆ ಇಟ್ಟಳು.

"ಬಿಚ್ಚಿ ಅತ್ತೆ."

ಮಸಾತೊ ತೋಟದಿಂದ ಬಂದವನು, "ಏನಿದು, ಒಲೆ ಹಚ್ಚಿಲ್ಲ?" ಎಂದ. ಕಿಯೊಮಿ ಕತ್ತರಿಯನ್ನು ನನ್ನತ್ತ ಇನ್ನೊಂದಿಷ್ಟು ತಳ್ಳಿದಳು. ಅವನೂ ಕೂತ.

ನಾನು ಬಿಚ್ಚಿದೆ. ಗಟ್ಟಿ ಹೊಲಿಗೆ, ಹೊತ್ತು ಹಿಡಿಯಿತು. ಒಳಗಿಂದ ಮೂರು ನಾಲ್ಕು ಸಡಿಲ ಚೀಟಿ ಜಾರಿ ಬಿದ್ದವು. ಅಯನೊ ಪುಟಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದಳು.

"ಮೂವತ್ತೆರಡನೇ ವಾರ, ನೂರನಲವತ್ತೆಂಟು, ಕಾಲು ಬಾವು. ಮೂವತ್ನಾಲ್ಕು, ನೂರೈವತ್ತೆಂಟು, ಪ್ರೋಟೀನ್ ಎರಡು ಗುರುತು, ಪೂರ್ತಿ ವಿಶ್ರಾಂತಿ ಅಂತ ಕೆಳಗೆ ಗೆರೆ ಎಳೆದಿದಾರೆ. ಅಮ್ಮಾ, ವಿಶ್ರಾಂತಿ ತಗೊಂಡ್ಯಾ?"

"ಮರ ಸವರೋ ಕೆಲಸ ಇತ್ತು," ಎಂದಳು ಕಿಯೊಮಿ. "ಹಿಮದಲ್ಲಿ ಬಿದ್ದ ಕೊಂಬೆ ಆರಿಸ್ತಾ ಇದ್ದೆ."

"ಮೂವತ್ತಾರು, ನೂರೆಪ್ಪತ್ತಾರು. ಫಿಟ್ಸ್, ಶಸ್ತ್ರಚಿಕಿತ್ಸೆ, ಹೆಣ್ಣುಮಗು." ಪುಟ ತಿರುಗಿಸಿದಳು. ಅಲ್ಲಿ ಅವಳ ದನಿ ಬದಲಾಯಿತು. "ಹೆರಿಗೆಯ ನಂತರ ಒಂದು ತಿಂಗಳು. ಬಾಣಂತಿಯ ಬಿಪಿ ನೂರೈವತ್ತನಾಲ್ಕು, ಇಳಿದಿಲ್ಲ. ಮೂರು ತಿಂಗಳಿಗೆ ಮತ್ತೆ ಬರಬೇಕು. ಮುಂದೆ ಪ್ರತಿ ವರ್ಷ ತಪ್ಪದೆ ಪರೀಕ್ಷೆ. ಜೊತೆಗೆ ಬಂದ ಅತ್ತೆಯವರಿಗೆ ತಿಳಿಸಲಾಗಿದೆ."

ಅವಳು ಪುಸ್ತಕ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಅಜ್ಜಿ?"

ಕಿಯೊಮಿಗೆ ತಾಯಿ ಇರಲಿಲ್ಲ. ಬಾಣಂತನ ನಮ್ಮಲ್ಲೇ ಆಯಿತು; ಆಯಿತು ಎಂದರೆ ಇಪ್ಪತ್ತೊಂದು ದಿನ. ಅದು ಹೂ ಬಿಡುವ ಕಾಲ, ಹೆಚ್ಚಿನ ಹೂ ಚಿವುಟಲು ಕೈ ಸಾಲದು. ಒಂದು ತಿಂಗಳಿಗೆ ತೋರಿಸಲು ಹೋದಾಗ ನರ್ಸು, ಕಿಯೊಮಿ ಬಟ್ಟೆ ಹಾಕಿಕೊಳ್ಳುತ್ತಿರುವಾಗ, ನನ್ನನ್ನು ಹೊರಗೆ ಕರೆದು ಹೇಳಿದ್ದಳು. ಹೂಂ ಹೂಂ ಎಂದೆ. ದಾರಿಯಲ್ಲಿ ನನ್ನ ತಲೆಯಲ್ಲಿದ್ದದ್ದು ಚಿವುಟದೆ ಉಳಿದ ನಾಲ್ಕು ಸಾಲು ಮರ. ಆಮೇಲಿನ ಚುಚ್ಚುಮದ್ದಿಗೆಲ್ಲ ಮಗುವನ್ನು ನಾನೇ ಕರೆದುಕೊಂಡು ಹೋದೆ, ಕಿಯೊಮಿ ತೋಟದಲ್ಲಿರಬೇಕಲ್ಲ. ಒಂದು ದಿನ ಸಾಲಿನಲ್ಲಿ ನಿಂತಾಗ ಪುಸ್ತಕದಿಂದ ಚೀಟಿಗಳು ಉದುರಿ, ನಾಲ್ಕು ಜನ ಬಾಗಿ ಆರಿಸಿಕೊಟ್ಟರು. ನಾಚಿಕೆಯಾಯಿತು. ಮನೆಗೆ ಬಂದು ಮುಂದಿನ ಅರ್ಧವನ್ನು ಸೇರಿಸಿ ಹೊಲಿದುಬಿಟ್ಟೆ. ಆಮೇಲೆ ಕೌಂಟರಿನಲ್ಲಿ ಪುಸ್ತಕ ಸೀದಾ ಚುಚ್ಚುಮದ್ದಿನ ಪುಟಕ್ಕೆ ತೆರೆದುಕೊಳ್ಳುತ್ತಿತ್ತು. ಎಷ್ಟು ಅಚ್ಚುಕಟ್ಟು ಎಂದು ಅಲ್ಲಿನ ಹುಡುಗಿ ಹೊಗಳಿದಳು. ಆರು ವರ್ಷ, ಎಷ್ಟೋ ಸಲ ತೋರಿಸಿದೆ. ಮುಂದಿನ ಅರ್ಧ ಯಾಕೆ ಹೊಲಿದಿದೆ ಎಂದು ಒಬ್ಬರೂ ಕೇಳಲಿಲ್ಲ. ಅವರಿಗೂ ಬೇಕಾದದ್ದು ಮಗು.

ಇಷ್ಟನ್ನೂ ಹೇಳಿದೆ. ಕೊನೆಗೆ, "ನಂಗೆ ಆಗ ಓದಕ್ಕೆ ಬರ್ತಿರ್ಲಿಲ್ಲ," ಎಂದೆ.

"ಆಮೇಲೆ ಬಂತಲ್ಲ ಅತ್ತೆ," ಎಂದಳು ಕಿಯೊಮಿ. "ಸಂಜೆ ಶಾಲೆಗೆ ಹೋದ್ರಿ. ನಾಲ್ಕು ಚಳಿಗಾಲ. ನಿಮ್ಮ ಊಟ ಕಟ್ಟಿಕೊಡ್ತಿದ್ದೋಳು ನಾನು. ಅದಾದ್ಮೇಲೆ ಇಪ್ಪತ್ತು ವರ್ಷ ಈ ಪುಸ್ತಕ ನಿಮ್ಮ ಪೆಟ್ಟಿಗೇಲೇ ಇತ್ತು."

ನಾನು ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತತೊಡಗಿದೆ.

"ನಮ್ಮಮ್ಮನ್ನ ಬಯ್ಯಬೇಡ ಕಣೆ," ಎಂದ ಮಸಾತೊ. "ವಯಸ್ಸಾಗಿದೆ. ಬೇಕೂಂತ ಮಾಡಿಲ್ಲ. ಈಗ ಮಾತ್ರೆ ಕೊಟ್ಟಿದಾರಲ್ಲ…"

ಕಿಯೊಮಿ ಅವನ ಕಡೆ ತಿರುಗಿದಳು. ಈ ಮನೆಗೆ ಬಂದಾಗಿನಿಂದ ಅವಳು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ.

"ನೀವು ಎಲ್ಲಿದ್ರಿ? ಅತ್ತೆಗೆ ಓದಕ್ಕೆ ಬರ್ತಿರ್ಲಿಲ್ಲ. ನಿಮಗೆ ಬರ್ತಿತ್ತಲ್ಲ! ನಂಗೆ ಫಿಟ್ಸ್ ಬಂದಿದ್ದು ನೋಡಿದ್ರಲ್ಲ, ನಾಲಿಗೆ ಕಚ್ಕೊಂಡು ರಕ್ತ ಬಂದಿದ್ದು ನೋಡಿದ್ರಲ್ಲ! ಒಂದು ದಿನ ಕೇಳಿದ್ರಾ, ಈಗ ಹೆಂಗಿದೀಯ ಅಂತ? ನಿಮ್ಮ ಟ್ರ್ಯಾಕ್ಟರ್ ಕೆಮ್ಮಿದ್ರೆ ಎರಡು ಊರು ದಾಟಿ ಮೆಕ್ಯಾನಿಕ್ ಕರ್ಕೊಂಡ್ ಬರ್ತೀರಿ. ನಾನು ಏರಲ್ಲಿ ಮೂರು ಕಡೆ ಕೂತ್ರೆ 'ಬೇಗ ಬಾ, ಕತ್ತಲಾಗುತ್ತೆ' ಅಂತೀರಿ!"

"ನೀನು ಹೇಳ್ಬೇಕಾಗಿತ್ತು…"

"ಹೇಳಿದ್ದೆ! ತಲೆ ಸಿಡೀತಿದೆ ಅಂದಿದ್ದೆ. ವಯಸ್ಸಿನ ಬಿಸಿ ಅಂದ್ರಿ. ನೀವಂದ್ರಿ, ಅತ್ತೆ ಅಂದ್ರು, ಆ ಮುದಿ ಡಾಕ್ಟ್ರು ಪಟ್ಟಿ ಕೂಡ ಕಟ್ಟದೆ ಅಂದ್ರು. ಕೊನೆಗೆ ನಾನೂ ಅಂದೆ."

ಅವಳು ಉಸಿರಿಗೆ ನಿಂತಳು. ಅಯನೊ ಹೆದರಿ ಅವಳ ಕೈ ಹಿಡಿದಳು.

"ಅಮ್ಮಾ, ಸಾಕು. ಬಿಪಿ ಏರುತ್ತೆ."

"ಏರಲಿ ಬಿಡು," ಎಂದಳು ಕಿಯೊಮಿ. "ನುಂಗಿ ನುಂಗಿ ಏರಿದ್ದೇ ಜಾಸ್ತಿ."

ವಾರದ ಮೇಲೆ ಫಲಿತಾಂಶ ಬಂತು. ಹೃದಯದ ಗೋಡೆ ದಪ್ಪಗಾಗಿದೆ, ಮೂತ್ರಪಿಂಡದಿಂದ ಪ್ರೋಟೀನ್ ಸೋರುತ್ತಿದೆ, ಸಕ್ಕರೆ ಅಂಚಿನಲ್ಲಿದೆ. ಹತ್ತು ವರ್ಷ ಮುಂಚೆ ಹಿಡಿದಿದ್ದರೆ ಇಷ್ಟು ಆಗುತ್ತಿರಲಿಲ್ಲ, ಈಗ ಹಿಡಿದದ್ದರಿಂದ ಇನ್ನೂ ಕೆಡದಂತೆ ನೋಡಬಹುದು ಎಂದರಂತೆ. ಭಾರ ಎತ್ತಬಾರದು, ಉಪ್ಪು ಬಿಡಬೇಕು, ಮಲಗಬೇಕು.

ಆ ಸಂಜೆ ಕಿಯೊಮಿ ಮುಂದಿನ ಕೋಣೆಗೆ ಹೋದಳು. ಮಗಳಿಗೆ ಹಾಸಿದ್ದ ಹಾಸಿಗೆಯ ಪಕ್ಕದಲ್ಲಿ ತನ್ನದೊಂದು ಹಾಸಿದಳು, ಮಲಗಿದಳು. ಮಸಾತೊ ಬಾಗಿಲಲ್ಲಿ ನಿಂತ.

"ಊಟಕ್ಕೆ?"

"ಅಕ್ಕಿ ನೀಲಿ ಡಬ್ಬದಲ್ಲಿದೆ."

ಮೊದಲ ದಿನ ಅನ್ನ ಗಂಜಿಯಾಯಿತು. ಎರಡನೆಯ ದಿನ ತಳ ಹಿಡಿಯಿತು. ಮೂರನೆಯ ದಿನ ನಾನು ಕೋಲೂರಿಕೊಂಡು ಒಲೆಯ ಪಕ್ಕದಲ್ಲಿ ಕೂತು, ಅರವತ್ತು ವರ್ಷದ ಮಗನಿಗೆ ನೀರಿನ ಅಳತೆಯಿಂದ ಶುರು ಮಾಡಿದೆ.

"ಬೆರಳಿನ ಮೊದಲ ಗೆರೆವರೆಗೆ ಬರ್ಬೇಕು."

"ಯಾವ ಬೆರಳು?"

"ಕತ್ತರಿಸಿ ಕೊಡ್ಲಾ? ನಡುಬೆರಳು ಕಣೋ!"

ಕೋಣೆಯೊಳಗಿಂದ ಅಯನೊ ನಕ್ಕದ್ದು ಕೇಳಿಸಿತು. ಕಿಯೊಮಿ ನಗಲಿಲ್ಲ. ಪಾತ್ರೆ ಈಗ ಒಂದೇ, ತೆಳ್ಳನೆ ಸಾರಿನದು. ಮಸಾತೊ ಸೋಯಾ ಸಾಸ್ ಬಾಟಲಿಯನ್ನು ಹುಡುಕಿ ಹುಡುಕಿ ಸುಸ್ತಾದ. ಅದನ್ನು ನನ್ನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದೆ. ಮೂಲಂಗಿ ಪೀಪಾಯಿಯನ್ನು ಈ ವರ್ಷ ಯಾರೂ ತೆರೆಯಲಿಲ್ಲ. ಕಿಯೊಮಿ ನಾನು ಕೊಟ್ಟದ್ದನ್ನು ಉಂಡಳು, ಮಾತ್ರೆ ನುಂಗಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ತಾನಾಗಿ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ನಾನೂ ಕ್ಷಮಿಸು ಎನ್ನಲಿಲ್ಲ. ಎಂದರೆ ಅವಳು, ಇರಲಿ ಬಿಡಿ ಅತ್ತೆ, ಎನ್ನಬೇಕಾಗುತ್ತಿತ್ತು. ಹಾಗೆ ಅನ್ನಿಸಿಕೊಳ್ಳುವ ಹಕ್ಕು ನನಗಿಲ್ಲ ಎಂದು ಸುಮ್ಮನಿದ್ದೆ.

ಡಿಸೆಂಬರ್ ನಡುವೆ ಅಯನೊ ಬಿಪಿ ಏರಿತು. ಮೂರು ವಾರ ಮುಂಚೆಯೇ ಹೆರಿಗೆ ಮಾಡಿಸಿದರು. ಗಂಡುಮಗು, ಚಿಕ್ಕದು, ಆದರೆ ಕಿರುಚಿದರೆ ಬೀದಿಗೆ ಕೇಳುತ್ತದೆ. ಸೆಂಡಾಯಿಯಿಂದ ಅಳಿಯ ಬಂದು ಎರಡು ದಿನ ಇದ್ದು ಅಕ್ಕಿ ತೊಳೆದುಕೊಟ್ಟು ಹೋದ. ಅಯನೊ ಫಿಟ್ಸ್ ಇಲ್ಲದೆ ಪಾರಾದಳು.

ಒಂದು ತಿಂಗಳಿಗೆ ತಾಯಿ ಮಗು ಇಬ್ಬರನ್ನೂ ತೋರಿಸುವ ದಿನ ಬಂತು. ದಾರಿಯ ಎರಡೂ ಬದಿ ಆಳೆತ್ತರ ಹಿಮ. ಮಸಾತೊ ಕಾರು ಓಡಿಸಿದ. ಹಿಂದೆ ಅಯನೊ, ಕಿಯೊಮಿ, ನಾನು. ಮಗು ಅಯನೊ ತೊಡೆಯ ಮೇಲೆ. ಹೊಸ ತಾಯಿಮಗು ಪುಸ್ತಕವನ್ನು ಅಯನೊ, "ಹಿಡ್ಕೊ ಅಜ್ಜಿ," ಎಂದು ಕೊಟ್ಟಳು. ನಾನು ಅದನ್ನು ಕಿಮೊನೊದ ಎದೆಯ ಮಡಿಕೆಯಲ್ಲಿಟ್ಟುಕೊಂಡೆ, ಹಿಂದೆ ಇಟ್ಟುಕೊಳ್ಳುತ್ತಿದ್ದ ಹಾಗೆಯೇ.

ಆಸ್ಪತ್ರೆಯಲ್ಲಿ ಅವತ್ತು ಜನಜಂಗುಳಿ. ಎಳೆಯ ನರ್ಸೊಬ್ಬಳು ಮಗುವನ್ನು ತೂಗಿದಳು, ಅಳೆದಳು, ಮುದ್ದು ಮಾಡಿದಳು. ನನ್ನಿಂದ ಪುಸ್ತಕ ತೆಗೆದುಕೊಂಡು ಸರ್ರನೆ ಹಿಂದಿನ ಅರ್ಧ ತೆರೆದು ಮಗುವಿನ ತೂಕ ಬರೆದು ಮುದ್ರೆ ಒತ್ತಿದಳು.

"ಎಲ್ಲಾ ಚೆನ್ನಾಗಿದೆ. ಅಮ್ಮನ ಹೆರಿಗೆ ಹೊಲಿಗೆ ಆಗ್ಲೇ ನೋಡಿದೀವಿ. ಇನ್ನು ಹೊರಡಬಹುದು," ಎಂದು ಪುಸ್ತಕವನ್ನು ನನ್ನ ಕೈಗಿಟ್ಟಳು. "ಮುಂದಿನವರು ಬನ್ನಿ!"

ಅಯನೊ ಕೋಟಿಗೆ ಕೈ ಹಾಕಿದಳು. ಕಿಯೊಮಿ ಕುರ್ಚಿಯಿಂದ ಏಳಲಿಲ್ಲ.

"ಬಿಪಿ?" ಎಂದಳು.

"ಮಗು ಚೆನ್ನಾಗಿದೆಯಮ್ಮ."

"ಮಗೂದಲ್ಲ. ನನ್ನ ಮಗಳದು."

"ಇವತ್ತು ತುಂಬಾ ಜನ ಇದಾರೆ. ಹೆರಿಗೆ ಆದ್ಮೇಲೆ ಸಾಮಾನ್ಯವಾಗಿ ಇಳಿದುಬಿಡುತ್ತೆ…"

"ಇಳಿಯುತ್ತೆ ಅಂತ ನಂಗೂ ಹೇಳಿದ್ರು!" ಕಿಯೊಮಿಯ ದನಿಗೆ ಸಾಲಿನಲ್ಲಿದ್ದವರೆಲ್ಲ ತಿರುಗಿದರು. "ಮೂವತ್ತು ವರ್ಷ ಆಯ್ತು. ಈ ಪುಸ್ತಕದಲ್ಲಿ ಹಿಂದಿನ ಅರ್ಧ ಎಲ್ಲರೂ ಓದ್ತೀರಿ. ಮುಂದಿನ ಅರ್ಧ ಯಾರಮ್ಮ ಓದೋದು? ಅಲ್ಲಿರೋಳು ಸತ್ತೋಗಿದಾಳಾ? ಕಟ್ಟು ಪಟ್ಟಿ. ಕಟ್ಟೋವರೆಗೆ ನಾನು ಈ ಕುರ್ಚಿ ಬಿಡಲ್ಲ."

"ಅಮ್ಮಾ, ಎಲ್ಲರೂ ನೋಡ್ತಿದಾರೆ…" ಎಂದು ಅಯನೊ ಪಿಸುಗುಟ್ಟಿದಳು.

"ನೋಡ್ಲಿ."

ಸಾಲಿನಲ್ಲಿ ಮಗು ಎತ್ತಿಕೊಂಡಿದ್ದ ಒಬ್ಬಳು ಕೆಂಚುಗೂದಲ ಹುಡುಗಿ, "ನಂಗೂ ನೋಡಿಲ್ಲ. ನಂಗೂ ಬಿಪಿ ಇತ್ತು," ಎಂದಳು. ನರ್ಸಿನ ಮುಖ ಕೆಂಪಾಯಿತು. ಪಟ್ಟಿ ತಂದಳು.

ಅಯನೊದು ನೂರನಲವತ್ತೆಂಟು. ಇಳಿದಿರಲಿಲ್ಲ.

ಡಾಕ್ಟರನ್ನು ಕರೆದರು. ಅವಳು ಬಂದಳು, ಎರಡನೇ ಸಲ ತಾನೇ ನೋಡಿದಳು, ಮಾತ್ರೆ ಬರೆದಳು. ಹದಿನೈದು ದಿನಕ್ಕೆ ಮತ್ತೆ ಬರಬೇಕು, ಆಮೇಲೆ ಮೂರು ತಿಂಗಳಿಗೆ, ಆಮೇಲೆ ಪ್ರತಿ ವರ್ಷ. "ಪುಸ್ತಕ ಕೊಡಿ, ತಾಯಿ ಪುಟದಲ್ಲಿ ಬರೀತೀನಿ," ಎಂದು ನನ್ನತ್ತ ಕೈ ಚಾಚಿದಳು. ಬರೆದು ಮುಗಿಸಿ ಮತ್ತೆ ನನಗೇ ಕೊಟ್ಟಳು. ಮನೆಯ ಹಿರಿಯಳು ಎಂದು ನನಗೆ ಕೊಟ್ಟಿರಬೇಕು; ಮೂವತ್ತು ವರ್ಷದ ಹಿಂದಿನ ಆ ದಿನವೂ ನರ್ಸು ಹಾಗೆಯೇ ಕೊಟ್ಟಿದ್ದಳು.

ನಾನು ಅದನ್ನು ಎದೆಯ ಮಡಿಕೆಗೆ ಸೇರಿಸಲು ಹೋದೆ. ಕಿಯೊಮಿ ಎದ್ದು ಬಂದು ನನ್ನ ಮುಂದೆ ನಿಂತಳು. ಒಂದೂವರೆ ತಿಂಗಳಲ್ಲಿ ಮೊದಲ ಸಲ ತಾನಾಗಿ ನನ್ನ ಹತ್ತಿರ ಮಾತಾಡಿದಳು. ದನಿಯಲ್ಲಿ ಸಿಟ್ಟು ಇನ್ನೂ ಇತ್ತು. ಇರಲಿ ಎಂದುಕೊಂಡೆ.

"ಅತ್ತೆ, ಮಗೂನ ನೀವು ಎತ್ಕೊಳಿ," ಎಂದಳು. "ಪುಸ್ತಕ ನನ್ ಹತ್ರ ಇರ್ಲಿ."

ಕೊಟ್ಟೆ.